ನಾನು ಗಣೇಶಗುಡಿಗೆ ಓಡಿದ ಚಳಿಗಾಲ

ಹೋದ ವಾರ ಪೂರ್ವಿ ಶಾಲೆಯಲ್ಲಿ ಖೋ ಖೋ ಆಡಿ ಕಾಲು ಉಳುಕಿಸಿಕೊಂಡು ಬಂದಳು. ಎಳ್ಳೆಣ್ಣೆಗೆ ಬೆಳ್ಳುಳ್ಳಿ ಜಜ್ಜಿ ಹಾಕಿ, ಅದು ಕೆಂಪಗಾಗುವವರೆಗೆ ಕಾಸಿ, ಅವಳ ಕಾಲಿಗೆ ತಿಕ್ಕುತ್ತ ಕುಳಿತಿದ್ದೆ. ಆ ವಾಸನೆ ಮನೆಯನ್ನೆಲ್ಲ ತುಂಬಿತು. ಚೇತನ ಮೂಗು ಮುಚ್ಚಿಕೊಂಡು, “ಅಜ್ಜೀ, ನೀ ಓಡಿದ ವರ್ಷ ನಮ್ಮ ಮನಿ ದಿನಾ ಹಿಂಗ ನಾರತಿತ್ತಂತ, ಹೌದಾ? ಅಪ್ಪ ಹೇಳ್ದ” ಎಂದ. ನಾನು ಹೌದು ಎಂದೆ, ಅಷ್ಟಕ್ಕೇ ಸುಮ್ಮನಾದೆ. ನನಗೆ ಮಾತು ಬಾಯಿಗೆ ಬರುವುದು ತಡ. ನಾನು ಓದಿದ್ದು ಹಳಿಯಾಳ ತಾಲ್ಲೂಕಿನ ಒಂದು ಹಳ್ಳಿಯ ಶಾಲೆಯಲ್ಲಿ, ಏಳನೆಯ ಇಯತ್ತೆಯವರೆಗೆ. ಗುರುಗಳು ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿದ್ದರೂ ಎದ್ದು ನಿಲ್ಲುತ್ತಿರಲಿಲ್ಲ. ಪಾಟಿಯ ಮೇಲೆ ಬರೆದು ತೋರಿಸುತ್ತಿದ್ದೆ. ಈಗ ಪೂರ್ವಿ, ಚೇತನ, ನಿಮ್ಮಿಬ್ಬರಿಗೂ ಹಾಗೆಯೇ ಬರೆದು ತೋರಿಸುತ್ತಿದ್ದೇನೆ.

ನಿಮ್ಮ ಅಜ್ಜನನ್ನು ನೀವು ನೋಡಿಲ್ಲ. ದಾಂಡೇಲಿಯ ಪೇಪರ್ ಮಿಲ್ಲಿನಲ್ಲಿ ಬಿದಿರು ಕತ್ತರಿಸುವ ಯಂತ್ರದ ಮೇಲೆ ಅವರ ಕೆಲಸ. ಒಂದು ಮುಂಜಾನೆ ಮೊದಲ ಪಾಳಿಗೆ ಹೊರಟವರು ಹೊಸ್ತಿಲಲ್ಲಿ ಕುಳಿತು, “ಗ್ಯಾಸ ಆಗೇತಿ, ಎದಿ ಹಿಡದೈತಿ” ಎಂದರು. ನಾನು ಅಂಗಡಿಗೆ ಹೋಗಿ ಸೋಡಾ ತಂದು, ಲಿಂಬೆಹಣ್ಣು ಹಿಂಡಿ ಕುಡಿಸಿದೆ. ಬೆನ್ನು ತಿಕ್ಕಿದೆ. ಅವರು ತೇಗಿ, “ಹಗೂರಾತು” ಎಂದರು. ನಾನು ನಂಬಿದೆ. ಅರ್ಧ ತಾಸಿನಲ್ಲಿ ಹೋಗಿಬಿಟ್ಟರು. ಆಗ ಅವರಿಗೆ ನಲವತ್ತಮೂರು. ಅವರ ಅಣ್ಣ ನಲವತ್ತಕ್ಕೆ, ಅಪ್ಪ ನಲವತ್ತೆರಡಕ್ಕೆ ಹೀಗೆಯೇ ಹೋಗಿದ್ದರು. ಆ ಮನೆಯ ಗಂಡಸರ ಆಯುಷ್ಯವೇ ಅಷ್ಟು ಎಂದು ಜನ ಅಂದರು. ನಾನೂ ಒಪ್ಪಿಕೊಂಡೆ. ಸೋಡಾ ಕುಡಿಸಿದ ಸಂಗತಿಯನ್ನು ಮಾತ್ರ ಯಾರಿಗೂ ಹೇಳಲಿಲ್ಲ.

ಆಮೇಲೆ ಹೊಟ್ಟೆಪಾಡಿಗೆ ಡಬ್ಬಿ ಹೊತ್ತೆ. ಮಿಲ್ಲಿನ ಕೆಲಸಗಾರರ ಮನೆಗಳಿಂದ ಊಟದ ಡಬ್ಬಿ ಕೂಡಿಸಿ, ಬುಟ್ಟಿಯಲ್ಲಿ ಜೋಡಿಸಿ, ತಲೆಯ ಮೇಲಿಟ್ಟುಕೊಂಡು ಊಟದ ಹೊತ್ತಿನ ಭೋಂಗಾ, ಅಂದರೆ ಸೈರನ್, ಆಗುವುದರೊಳಗೆ ಗೇಟಿಗೆ ಮುಟ್ಟಿಸಬೇಕು. ನಾನು ಮತ್ತು ಪಕ್ಕದ ಮನೆಯ ಹುಸೇನಬಿ ಜೊತೆಯಾಗಿ ಹದಿನೆಂಟು ವರ್ಷ ಹೊತ್ತೆವು. ಸಾರು ತುಳುಕಬಾರದು, ಊಟ ತಡವಾಗಬಾರದು. ನಮ್ಮ ಕೆಲಸಕ್ಕೆ ಇವೆರಡೇ ಕಾನೂನು.

ನಾನು ಓಡಿದ ವರ್ಷ ದಸರೆ ಮುಗಿದ ಮೇಲೆ ಧಾರವಾಡದ ಕಡೆಯಿಂದ ಹೃದಯದ ಡಾಕ್ಟರರ ಒಂದು ಗುಂಪು ನಮ್ಮ ಓಣಿಯ ಶಾಲೆಯಲ್ಲಿ ಶಿಬಿರ ಮಾಡಿತು. ಮುಂದೆ ಕುಳಿತಿದ್ದ ಡಾಕ್ಟರ್ ಬಾಯಿ, ನನ್ನ ಸೊಸೆ ಸುಮಾಳ ವಯಸ್ಸಿನ ಹೆಂಗಸು, ಕನ್ನಡಕ ಹಣೆಗೇರಿಸಿಕೊಂಡು ಹೇಳಿದರು: “ಕೆಲವು ಮನೆತನದಾಗ ರಕ್ತದೊಳಗ ಕೊಬ್ಬು ಹುಟ್ಟಾ ಜಾಸ್ತಿ ಇರತೈತ್ರಿ. ಅಪ್ಪಂದು ಮಕ್ಕಳಿಗೆ ಬರತೈತಿ. ಮೊದಲ ಗೊತ್ತಾದ್ರ ಗುಳಿಗಿ ಐತಿ. ಗೊತ್ತಾಗದಿದ್ರ ಒಂದಿನ ಗ್ಯಾಸ ಅಂತಾರು, ಹೋಗಿಬಿಡ್ತಾರು.”

ನಿಮ್ಮ ಅಜ್ಜನೂ ಗ್ಯಾಸ ಅಂದಿದ್ದರು.

ಈ ಭಾಗದಲ್ಲಿ ಯಾವ ಯಾವ ಮನೆತನಗಳಲ್ಲಿ ಇದು ಇದೆ ಎಂದು ಹುಡುಕುವ ಸಂಶೋಧನೆ ಅವರದು. ದಾಂಡೇಲಿ, ಹಳಿಯಾಳದಲ್ಲಿ ಶುರುವಾಗಿತ್ತು. ಜೋಯಿಡಾದ ಕಾಡಿನ ಹಳ್ಳಿಗಳಿಗೆ, ಮುಂಡಗೋಡದ ಕಡೆಗೆ ಹೋಗಲು ಹಣ ಸಾಲದು. ಅದಕ್ಕಾಗಿ ಸಂಕ್ರಾಂತಿಗೆ ಮುಂಚಿನ ಭಾನುವಾರ ಒಂದು ಓಟ ಇಟ್ಟಿದ್ದರು: ಹಳಿಯಾಳದಿಂದ ದಾಂಡೇಲಿ, ಕೋಗಿಲಬನದ ಕಡೆ ಒಂದು ಸುತ್ತು, ಅಲ್ಲಿಂದ ಗಣೇಶಗುಡಿ. ಐವತ್ತು ಕಿಲೋಮೀಟರ್, ಹತ್ತು ತಾಸು. ಓಡುವವರು ತಮ್ಮ ಹೆಸರಿನ ಮೇಲೆ ಜನರಿಂದ ದೇಣಿಗೆ ಕೂಡಿಸಬೇಕು.

ನಾನು ಅದನ್ನೆಲ್ಲ ಕಿವಿಗೆ ಹಾಕಿಕೊಳ್ಳಲಿಲ್ಲ. ನನಗಿದ್ದದ್ದು ಒಂದೇ ಚಿಂತೆ. ನಿಮ್ಮಪ್ಪ ಮಂಜುನಾಥನಿಗೆ ಆಗ ನಲವತ್ತೊಂದು.

ಅವನು ಗಣೇಶಗುಡಿಯಲ್ಲಿ ಪ್ರವಾಸಿಗರನ್ನು ರಾಫ್ಟಿನಲ್ಲಿ ಕೂರಿಸಿಕೊಂಡು ಕಾಳಿ ನದಿಯಲ್ಲಿ ಇಳಿಸುವ ಕೆಲಸ ಮಾಡುತ್ತಿದ್ದದ್ದು ನಿಮಗೆ ಗೊತ್ತು. ಆ ಸಂಜೆ ಊಟಕ್ಕೆ ಕುಳಿತಾಗ ರಕ್ತ ತೋರಿಸು ಎಂದೆ.

“ತೋರಿಸಿದ್ರ ಏನರ ಸಿಗತೈತಿ” ಎಂದ.

“ಸಿಗಲಿ. ಗುಳಿಗಿ ಐತಂತ.”

“ಗುಳಿಗಿ ನನಗ. ಕೆಲಸ ಯಾರಿಗೆ? ಎದಿ ನೆಟ್ಟಗಿಲ್ಲ ಅಂದ ಮ್ಯಾಲೆ ನನ್ನ ಯಾರು ನೀರಿಗೆ ಇಳಸ್ತಾರ? ಪೂರ್ವಿ ಸಾಲಿ, ಚೇತು ಸಾಲಿ, ನೀ ಹೊರಾಕ ಹೊಕ್ಕೀ ಏನ ಮತ್ತ ಡಬ್ಬಿ?”

ಸುಮಾ ನಡುವೆ, “ಅತ್ತಿ ಹೇಳೂದು ಖರೇ ಐತ್ರಿ” ಎಂದಳು. ಅವನು ಕೈ ತೊಳೆದ. ನಾನು ಬಿಡಲಿಲ್ಲ, ಮೂರು ದಿನ ಅದೇ ರಾಗ. ನಾಲ್ಕನೆಯ ದಿನ ಅವನು ಓಟದ ಕಾಗದ ತಂದು ನನ್ನ ಮುಂದೆ ಇಟ್ಟು ನಕ್ಕ. “ಹಿಂಗ ಮಾಡೂಣು ಬೇ ಯವ್ವಾ. ನೀ ಹಳಿಯಾಳದಿಂದ ಗಣೇಶಗುಡಿಗೆ ಓಡ್ಕೋತ ಬಾ. ಹತ್ತು ತಾಸಿನಾಗ ಬಂದ್ರ ನಾ ಅಲ್ಲೇ ಕುಂತು ರಕ್ತ ಕೊಡಾಕ ತೋಳ ಚಾಚ್ತೇನಿ. ಬರಲಿಲ್ಲಂದ್ರ ಈ ಮಾತು ಇನ್ನ ಮ್ಯಾಲೆ ತಗೀಬಾರದು.”

ನನ್ನ ಬಾಯಿ ಮುಚ್ಚಿಸಲು ಆಡಿದ ಮಾತು ಅದು. ನನಗೆ ಆಗ ಅರವತ್ತು. ಮರುದಿನ ಹೋಗಿ ಹೆಸರು ಬರೆಸಿ ಬಂದೆ. ಚೀಟಿಯನ್ನು ಅವನ ತಾಟಿನ ಪಕ್ಕದಲ್ಲಿಟ್ಟೆ. ಅವನು ಓದಿದ, ನನ್ನನ್ನು ನೋಡಿದ, ರೊಟ್ಟಿ ಮುರಿಯುವುದನ್ನು ಮರೆತ.

ಓಡುವುದಕ್ಕಿಂತ ಬೇಡುವುದೇ ನನಗೆ ಕಷ್ಟವಾಯಿತು. ದೇಣಿಗೆಯ ಪುಸ್ತಕವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮನೆ ಮನೆಗೆ ಹೋದೆ. ಬಾಗಿಲಲ್ಲಿ ನಿಂತಾಗ “ಯಾಕ ಬಂದ್ರಿ ಶಾಂತಕ್ಕ” ಎಂದು ಕೇಳಿದರೆ ಪುಸ್ತಕವನ್ನು ಇನ್ನಷ್ಟು ಒಳಗೆ ಸರಿಸುತ್ತಿದ್ದೆ. “ಸ್ವಲ್ಪ ಹೆಪ್ಪು ಬೇಕಿತ್ತು” ಎಂದುಬಿಡುತ್ತಿದ್ದೆ. ಒಂದು ವಾರದಲ್ಲಿ ಆರು ಬಟ್ಟಲು ಹೆಪ್ಪು, ಒಂದು ಜರಡಿ ಕೂಡಿಸಿದೆ. ದೇಣಿಗೆ ಒಂದು ಬಿಡಿಕಾಸೂ ಇಲ್ಲ. ಹುಸೇನಬಿ ಅಡುಗೆಮನೆಗೆ ಬಂದು ಸಾಲಾಗಿ ಇಟ್ಟ ಮೊಸರಿನ ಪಾತ್ರೆಗಳನ್ನು ಎಣಿಸಿದಳು.

“ಡೇರಿ ತಗದೀ ಏನ ಶಾಂತಕ್ಕ?”

ನಾನು ವಿಷಯ ಹೇಳಿದೆ. ಅವಳು ನಕ್ಕು ಮುಗಿಸಿ, ಆಮೇಲೆ ಕೇಳಿದಳು: “ನಿಮ್ಮವ್ವ ಮಂಗಳವಾರ ಬುಟ್ಟಿ ಹಿಡ್ಕೊಂಡು ಬೇಡತಿದ್ಲಂತ ನೀನ ಹೇಳಿದ್ದೆಲ್ಲ. ಆಕಿಗೆ ನಾಚಿಕಿ ಬರತಿದ್ದಿಲ್ಲೇನು?”

ಬರುತ್ತಿರಲಿಲ್ಲ. ನಮ್ಮ ತವರು ಮನೆಯವರು ಎಲ್ಲಮ್ಮನ ಒಕ್ಕಲು. ಮಂಗಳವಾರ, ಶುಕ್ರವಾರ ಅವ್ವ ಪಡ್ಡಲಗಿ ಎನ್ನುವ ಸಣ್ಣ ಬಿದಿರು ಬುಟ್ಟಿ ಹಿಡಿದು ಐದು ಮನೆ ಜೋಗ ಬೇಡುತ್ತಿದ್ದಳು. ಮನೆಯಲ್ಲಿ ಕಣಜ ತುಂಬಿದ್ದರೂ ಬೇಡಬೇಕು. ಅದು ತಾಯಿಯ ಹೆಸರಿನಲ್ಲಿ ಬೇಡುವುದು. ಬೇಡುವವರಿಗೆ ಅಲ್ಲಿ ಹೆಸರಿಲ್ಲ, ಹಾಗಾಗಿ ನಾಚಿಕೆಯೂ ಇಲ್ಲ. ಆದರೆ ಡಾಕ್ಟರರ ಕೆಲಸಕ್ಕೆ ದೇವಿಯ ಬುಟ್ಟಿ ಹಿಡಿಯಬಹುದೇ ಎಂದು ನನಗೆ ಅಳುಕು.

“ನಿಮ್ಮ ಎಲ್ಲಮ್ಮ ತಾಯಿ ಹೌದೋ ಅಲ್ಲೋ” ಎಂದಳು ಹುಸೇನಬಿ. “ಮಕ್ಕಳ ಎದಿ ಸಲುವಾಗಿ ಬೇಡಿದ್ರ ಸಿಟ್ಟಾಗ್ತಾಳೇನು?”

ಮುಂದಿನ ಮಂಗಳವಾರ ಬುಟ್ಟಿಗೆ ಅರಿಶಿನ ಹಚ್ಚಿ ಹೊರಟೆ. ಐದು ಮನೆ, ಶುಕ್ರವಾರ ಮತ್ತೆ ಐದು ಮನೆ. “ಎದಿ ಬ್ಯಾನಿ ಹುಡುಕಾಕ ಜೋಗ ನೀಡ್ರಿ” ಎಂದು ನನ್ನ ಬಾಯಿಂದಲೇ ಮಾತು ಬಂತು. ಯಾರೂ ಬರಿಗೈಯಲ್ಲಿ ಕಳಿಸಲಿಲ್ಲ. ಆದರೆ ಜೋಗದ ಬುಟ್ಟಿಗೆ ಹಣ ಹಾಕುವ ರೂಢಿ ನಮ್ಮಲ್ಲಿಲ್ಲ. ಜೋಳ, ಅಕ್ಕಿ, ಬೆಲ್ಲದ ಉಂಡೆ ಬಿತ್ತು. ತಿಂಗಳೊಳಗೆ ಎರಡು ಚೀಲ ಜೋಳ, ಒಂದು ಚೀಲ ಅಕ್ಕಿ. ಇದೇ ದೇಣಿಗೆ ಎಂದು ತಿಳಿದು, ಟಂಟಂ ರಿಕ್ಷಾ ಮಾಡಿಕೊಂಡು ಚೀಲಗಳನ್ನು ಓಟದ ಕಚೇರಿಯ ಮುಂದೆ ಇಳಿಸಿದೆ. ಕಂಪ್ಯೂಟರಿನ ಮುಂದೆ ಕುಳಿತವನು ಹೊರಗೆ ಬಂದು ಚೀಲ ನೋಡಿದ, ನನ್ನನ್ನು ನೋಡಿದ. “ಅಜ್ಜಿಯವರ, ಇದನ್ನ ಯಾವ ಕಾಲಂನ್ಯಾಗ ಬರೀಲಿ?”

ತಿರುಗಿ ತಂದೆವು. ಬರುವಾಗ ಹುಸೇನಬಿ ಚೀಲದ ಮೇಲೆ ಕುಳಿತು, “ಜೋಳಕ್ಕ ಬ್ಯಾಂಕಿನ್ಯಾಗ ಖಾತೆ ಇಲ್ಲ, ರೊಟ್ಟಿಗೆ ಗಿರಾಕಿ ಅದಾರಲ್ಲ” ಎಂದಳು. ಜೋಳ ಬೀಸಿಸಿ, ಸುಮಾ, ಹುಸೇನಬಿ, ನಾನು ಕೂತು ಗರಿಗರಿಯಾದ ಕಟಕ ರೊಟ್ಟಿ ಬಡಿದೆವು. ಗಣೇಶಗುಡಿಯ ಹೋಮ್‌ಸ್ಟೇಗಳಿಗೆ ನಿಮ್ಮಪ್ಪನೇ ಬೈಕಿನ ಮೇಲೆ ಕಟ್ಟಿಕೊಂಡು ಹೋಗಿ ಮಾರಿದ. “ನನ್ನ ರಕ್ತ ತಗೀಲಾಕ ನಾನ ರೊಟ್ಟಿ ಮಾರೂದು” ಎಂದು ಗೊಣಗುತ್ತಿದ್ದ, ಆದರೆ ಒಂದು ದಿನವೂ ತಪ್ಪಿಸಲಿಲ್ಲ.

ಬುಟ್ಟಿಗೆ ಇನ್ನೊಂದು ಬಿತ್ತು. ಜೋಳ ನೀಡುತ್ತ ಹೆಂಗಸರು ಬಾಗಿಲಲ್ಲೇ ನಿಂತು ಹೇಳತೊಡಗಿದರು. ನಮ್ಮ ಮನೆಯವರೂ ಗ್ಯಾಸ್ ಅಂದಿದ್ದರು. ನಮ್ಮ ಮೈದುನ ಗದ್ದೆಯ ಬದುವಿನ ಮೇಲೆ ಕುಳಿತವನು ಏಳಲಿಲ್ಲ. ನಮ್ಮಣ್ಣನಿಗೆ ಮೂವತ್ತೆಂಟು. ನಾನು ದೇಣಿಗೆಯ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಅವರ ಹೆಸರು, ಮನೆ, ವಯಸ್ಸು ಬರೆದುಕೊಂಡೆ. ಅದನ್ನು ಕೊಟ್ಟಾಗ ಡಾಕ್ಟರ್ ಬಾಯಿ ಕನ್ನಡಕ ಇಳಿಸಿ ಒಂದೊಂದು ಹಾಳೆಯನ್ನೂ ಓದಿದರು. “ನಾವು ವರ್ಷಗಟ್ಟಲೆ ತಿರುಗಿದ್ರೂ ಇಷ್ಟು ಮನಿ ಬಾಗಿಲ ತಗೀತಿದ್ದಿಲ್ಲರೀ” ಎಂದರು. ಆ ರಾತ್ರಿ ನನಗೆ ಚೆನ್ನಾಗಿ ನಿದ್ದೆ ಬಂತು.

ಇನ್ನು ಓಟ. ದಿನಾ ಬೆಳಗಿನ ಐದಕ್ಕೆ ಕೋಗಿಲಬನದ ರಸ್ತೆಗೆ ಹೋಗುತ್ತಿದ್ದೆ. ಹೊಳೆಯ ಮೇಲಿನ ಮಂಜು ರಸ್ತೆಯ ಮೇಲೂ ಬಂದು ಮಲಗಿರುತ್ತಿತ್ತು. ಸಾಗವಾನಿಯ ಒಣ ಎಲೆ ಕಾಲಡಿಗೆ ಹಪ್ಪಳದಂತೆ ಮುರಿಯುತ್ತಿತ್ತು. ಇಲಕಲ್ ಸೀರೆಗೆ ಕಚ್ಚೆ ಹಾಕಿ, ಕ್ಯಾನ್ವಾಸ್ ಬೂಟು ತೊಟ್ಟ ಮುದುಕಿಯನ್ನು ಕಂಡು ಹಾಲಿನವನು ಸೈಕಲ್ ನಿಲ್ಲಿಸಿ, “ಯಾರ ಬೆನ್ನ ಹತ್ತ್ಯಾರ ಬೇ” ಎಂದು ಕೇಳಿದ್ದ. ಕಚೇರಿಯವರು ಒಬ್ಬ ತರಬೇತಿ ಮಾಸ್ತರನನ್ನು ಕಳಿಸಿದ್ದರು. ಕೈ ಬೀಸಿ, ಕೈ ಬೀಸಿದರೆ ಕಾಲು ತಾನೇ ಬರುತ್ತದೆ ಎಂದು ಅವನು ಹೇಳಿಕೊಟ್ಟ. ನಾನು ಬೀಸಲು ಕಲಿತೆ. ಹದಿನೈದು, ಇಪ್ಪತ್ತು, ಒಂದು ಸಲ ಇಪ್ಪತ್ತೆಂಟು ಕಿಲೋಮೀಟರಿನವರೆಗೂ ಹೋದೆ. ಸಂಜೆ ಈ ಎಣ್ಣೆ ತಿಕ್ಕಿಕೊಂಡು ಗೋಡೆಗೆ ಕಾಲು ಹಚ್ಚಿ ಮಲಗುತ್ತಿದ್ದೆ.

ಆ ಭಾನುವಾರ ಆರು ಗಂಟೆಗೆ ಹಳಿಯಾಳದಲ್ಲಿ ಹಸಿರು ಬಾವುಟ ಬೀಸಿದರು. ಮುಂಡಗೋಡದ ಕ್ಯಾಂಪಿನಿಂದ ಬಂದಿದ್ದ ಇಬ್ಬರು ಟಿಬೆಟಿ ತರುಣರು ಕಣ್ಣು ಮುಚ್ಚಿ ತೆರೆಯುವುದರಲ್ಲಿ ಮಾಯವಾದರು. ನಾನು ಎಲ್ಲರಿಗಿಂತ ಹಿಂದೆ. ಕಾರ್ಖಾನೆಗೆ ಕಬ್ಬು ಇಳಿಸಿ ಮರಳುವ ಟ್ರ್ಯಾಕ್ಟರುಗಳು ಸಾಲುಗಟ್ಟಿ ಬರುತ್ತಿದ್ದವು. ಒಬ್ಬ ಚಾಲಕ ಹಾಡು ನಿಲ್ಲಿಸಿ, “ಹತ್ತ ಬೇ ಆಯಿ, ದಾಂಡೇಲಿ ನಾಕಾಕ್ಕ ಬಿಡ್ತೇನಿ, ಯಾರಿಗೂ ಹೇಳಂಗಿಲ್ಲ” ಎಂದ. “ನನ್ನ ಮಗಗ ಗೊತ್ತಾಗತೈತಪಾ” ಎಂದೆ. ಹತ್ತೂವರೆಗೆ ದಾಂಡೇಲಿ ಮುಟ್ಟಿದೆ. ನಮ್ಮ ಓಣಿಯವರು, ಜೋಗ ನೀಡಿದ ಹೆಂಗಸರು, ರಸ್ತೆಯ ಎರಡೂ ಬದಿಗೆ ನಿಂತಿದ್ದರು. ಪೂರ್ವಿ, ನೀನು ನನ್ನ ಪಕ್ಕದಲ್ಲಿ ವೃತ್ತದವರೆಗೆ ಓಡಿ ಬಂದೆ; ನೆನಪಿದೆಯೇ? ಚೇತನ ಸುಮಾಳ ಕಂಕುಳಲ್ಲಿ ಕುಳಿತು ನನ್ನನ್ನು ನೋಡಿ ಅತ್ತ.

ಕೋಗಿಲಬನದ ಸುತ್ತು ಮುಗಿಸಿ ಕಾಡಿನ ರಸ್ತೆಗೆ ಬಂದಾಗ ಬಿಸಿಲು ಏರಿತ್ತು. ಮೂವತ್ತೆರಡನೆಯ ಕಲ್ಲು ದಾಟಿದ ಮೇಲೆ ನನ್ನ ದೇಹ ನನ್ನ ಮಾತು ಕೇಳಲಿಲ್ಲ. ಕಾಲು ನೋಯುತ್ತಿದ್ದವು, ಅದಿರಲಿ, ನಡಿಗೆಯೇ ತಪ್ಪಿತು. ಎಡಕ್ಕೆ ವಾಲಿದೆ, ಬಲಕ್ಕೆ ವಾಲಿದೆ. ಭುಜ ಸೋತು ಕೈ ಬೀಸಲು ಬರಲಿಲ್ಲ; ಕೈ ನಿಂತರೆ ಕಾಲೂ ನಿಂತವು. ನೀರಿನ ಮೇಜಿನ ಹತ್ತಿರ ರಸ್ತೆಯ ಅಂಚಿನಲ್ಲಿ ಕುಸಿದು ಕುಳಿತೆ. ಪಕ್ಕದ ಮನೆಯಿಂದ ಜೋಯಿಡಾ ಕಡೆಯ ಕೊಂಕಣಿ ಹೆಂಗಸೊಬ್ಬಳು ಕೋಕಂ ನೀರು ತಂದು, “ಮಾತ್ಶೆಂ ರಾವ್ ಗೆ, ಉದಾಕ್ ಪಿಯೆ”, ತುಸು ನಿಲ್ಲು, ನೀರು ಕುಡಿ, ಎಂದು ಲೋಟ ಬಾಯಿಗೆ ಹಿಡಿದಳು. ಗಡಿಯಾರ ಹನ್ನೆರಡೂ ನಲವತ್ತು ತೋರಿಸುತ್ತಿತ್ತು. ಇನ್ನೂ ಹದಿನೇಳು ಕಿಲೋಮೀಟರ್ ಇತ್ತು.

ಮೇಜಿನ ಹತ್ತಿರ ಇದ್ದ ಸ್ವಯಂಸೇವಕ ಜೀಪು ಕರೆಸಲೇ ಎಂದು ಕೇಳಿದ. ನಲವತ್ತಮೂರು ಎನ್ನುವ ಅಂಕಿ ಬಿಟ್ಟರೆ ತಲೆಯಲ್ಲಿ ಬೇರೆ ಏನೂ ಇರಲಿಲ್ಲ.

ಅಷ್ಟರಲ್ಲಿ ಓಟದವರ ಜೀಪೇ ಬಂತು; ಹುಸೇನಬಿ ಅದರಲ್ಲಿ ಗಣೇಶಗುಡಿಗೆ ರೊಟ್ಟಿ ಒಯ್ಯುತ್ತಿದ್ದಳು. ಇಳಿದು ಬಂದು ನನ್ನ ಮುಂದೆ ನಿಂತು, ಸೊಂಟದ ಮೇಲೆ ಕೈ ಇಟ್ಟು ನೋಡಿದಳು.

“ಏಳು. ಒಂದು ನಾಕ ಹೆಜ್ಜಿ ನಡದ ತೋರಸು.”

ನಡೆದೆ.

“ನಿನ್ನ ಕೈ ನೋಡು. ಯಾರದೋ ಕೈ ಸಾಲ ತಂದಂಗ ಐತಿ. ಹದಿನೆಂಟು ವರ್ಷ ಆ ಕೈ ಒಂದಿನಾನೂ ಬೀಸಿಲ್ಲ, ಬುಟ್ಟಿ ಹಿಡದಿತ್ತು. ಬರೇ ತಲೀಲೆ ನಡೀಲಿಕ್ಕೆ ನಿನಗ ಯಾವಾಗ ಬರತಿತ್ತು?”

ಅವಳು ತನ್ನ ದುಪಟ್ಟಾ ಸುರುಳಿ ಸುತ್ತಿ ಸಿಂಬಿ ಮಾಡಿ ನನ್ನ ತಲೆಯ ಮೇಲಿಟ್ಟಳು. ಜೀಪಿನಿಂದ ಒಂದು ಬುಟ್ಟಿ ಇಳಿಸಿ, ಅದರಲ್ಲಿ ನಾಲ್ಕು ಡಬ್ಬಿ ಇಟ್ಟಳು. ಮಂಜುನಾಥನದು, ಅವನ ಜೊತೆ ರಾಫ್ಟು ನಡೆಸುವ ಮೂವರದು. ಸ್ವಯಂಸೇವಕ ಗಾಬರಿಯಾಗಿ, “ಅಕ್ಕಾರ, ಭಾರ ಹೊತ್ತು ಓಡೂದು ನಿಯಮದಾಗ ಇಲ್ಲರೀ” ಎಂದ.

“ಹೊರಬಾರದು ಅಂತ ಬರದೈತೇನು?”

ಅವನು ಮೊಬೈಲಿನಲ್ಲಿ ಹುಡುಕಿದ. “ಇಲ್ಲ.”

“ಹಂಗಾರ ಆತು. ಶಾಂತಕ್ಕ, ಮಗ ಮುಂಜಾನಿಂದ ನೀರಾಗ ಅದಾನ, ಉಂಡಿಲ್ಲ. ನಡಿ.”

ಬುಟ್ಟಿ ತಲೆಯ ಮೇಲೆ ಕುಳಿತ ಕೂಡಲೇ ಬೆನ್ನು ನೆಟ್ಟಗಾಯಿತು. ಬಲಗೈ ಬುಟ್ಟಿಯ ಅಂಚಿಗೆ ಹೋಯಿತು, ಎಡಗೈ ಸೊಂಟಕ್ಕೆ. ಹೆಜ್ಜೆ ಸಣ್ಣದಾಯಿತು, ಬೇಗ ಬೇಗ ಬೀಳತೊಡಗಿತು. ಸೊಂಟದ ಮೇಲಿನ ದೇಹ ಅಲುಗದು, ಸೊಂಟದ ಕೆಳಗಿನದು ನಿಲ್ಲದು. ಮಿಲ್ಲಿನ ಗೇಟಿಗೆ ಹೋಗುತ್ತಿದ್ದ ನಮ್ಮ ಹಳೆಯ ಓಟ. ನೋವು ಹೋಗಲಿಲ್ಲ. ಆದರೆ ನಾನು ಸ್ಪರ್ಧೆಯಲ್ಲಿ ಓಡುತ್ತಿರುವವಳಾಗಿ ಉಳಿಯಲಿಲ್ಲ; ಹಸಿದವರಿಗೆ ಊಟ ಒಯ್ಯುತ್ತಿದ್ದೆ, ಊಟ ತಡವಾಗಬಾರದಿತ್ತು. ಬಿದಿರು ಮೆಳೆಗಳ ನೆರಳು ರಸ್ತೆಗೆ ಅಡ್ಡ ಬಿದ್ದಿತ್ತು. ತಿರುವುಗಳಲ್ಲಿ ಕೆಲವರನ್ನು ಹಿಂದೆ ಹಾಕಿದೆ. ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡಿದ್ದ ಒಬ್ಬ ತರುಣ, “ಆಂಟಿ, ಅದರಾಗ ಏನೈತಿ?” ಎಂದು ಕೇಳಿದ. “ರೊಟ್ಟಿ, ಪುಂಡಿಪಲ್ಲೆ” ಎಂದೆ. ಅವನು ನಗುತ್ತ ನನ್ನ ಹಿಂದೆಯೇ ಒಂದಿಷ್ಟು ದೂರ ಓಡಿ ಬಂದ.

ಗಣೇಶಗುಡಿಯ ಗೆರೆ ದಾಟಿದಾಗ ನಾಲ್ಕಕ್ಕೆ ಒಂಬತ್ತು ನಿಮಿಷ ಉಳಿದಿತ್ತು. ಜನ ಚಪ್ಪಾಳೆ ತಟ್ಟಿದರು. ನಾನು ಬುಟ್ಟಿ ಇಳಿಸಲು ಯಾರಾದರೂ ಕೈ ಕೊಡಿ ಎಂದೆ.

ಕೈ ಕೊಟ್ಟವನು ನಿಮ್ಮಪ್ಪ. ಲೈಫ್ ಜಾಕೆಟ್ಟಿನಿಂದ ನೀರು ಸುರಿಯುತ್ತಿತ್ತು. ಸುತ್ತ ಅವನ ಜೊತೆಯವರು, ಪ್ರವಾಸಿಗರು, ಡಾಕ್ಟರರು. ಒಂದು ಗುಡಾರದ ಕೆಳಗೆ ರಕ್ತ ತೆಗೆಯುವ ಮೇಜು, ಕುರ್ಚಿ ಇತ್ತು. ಅವನು ಅದನ್ನು ನೋಡಿದ, ನನ್ನನ್ನು ನೋಡಿದ, ನಗಲು ಹೊರಟ. “ಓಡ್ಕೋತ ಬಾ ಅಂದಿದ್ದೆ ಬೇ. ನೀ ಡಬ್ಬಿ ಹೊತ್ಕೊಂಡು ಬಂದಿ. ಇದು ಲೆಕ್ಕಕ್ಕ ಬರತೈತೋ ಇಲ್ಲೋ.”

ಅವನ ಗೆಳೆಯರು ನಕ್ಕರು. ಅವನ ತುಟಿ ಮಾತ್ರ ನಗುತ್ತಿತ್ತು, ಅವನಿಗೆ ಅಂಜಿಕೆಯಾಗಿತ್ತು. ಅದು ನನಗೆ ಆಗ ತಿಳಿಯಿತು. ನಾನು ಅಷ್ಟು ಜನರ ಮುಂದೆ ಎಂದೂ ಬಾಯಿ ಬಿಟ್ಟವಳಲ್ಲ. ಆ ದಿನ ಬಿಟ್ಟೆ.

“ನಿಮ್ಮಪ್ಪ ಎದಿ ಹಿಡ್ಕೊಂಡು ಕುಂತಾಗ ನಾ ಸೋಡಾ ಕುಡಿಸಿದೆ ಮಂಜು. ಬೆನ್ನ ತಿಕ್ಕಿದೆ. ಹಗೂರಾತು ಅಂದ್ರು, ನಂಬಿ ಒಲಿ ಹಚ್ಚಾಕ ಹೋದೆ. ದವಾಖಾನಿ ನಮ್ಮ ಮನಿಯಿಂದ ಹತ್ತು ನಿಮಿಷದ ಹಾದಿ ಇತ್ತು. ಇದನ್ನ ನಾ ಯಾರಿಗೂ ಹೇಳಿಲ್ಲ, ನಿನಗೂ ಹೇಳಿಲ್ಲ. ನನಗ ಆವತ್ತು ಗೊತ್ತಿದ್ದಿಲ್ಲ. ಇವತ್ತು ಗೊತ್ತೈತಿ. ಗೊತ್ತಿದ್ದೂ ನಿನಗ ಸೋಡಾ ಕುಡಸೂ ಶಕ್ತಿ ನನಗಿಲ್ಲ.”

ಯಾರೂ ನಗಲಿಲ್ಲ. ಮಂಜುನಾಥ ಜಾಕೆಟ್ಟಿನ ಕೊಂಡಿ ಬಿಚ್ಚಿದ, ಅದನ್ನು ನನ್ನ ಕೈಗೆ ಕೊಟ್ಟ, ಹೋಗಿ ಕುರ್ಚಿಯಲ್ಲಿ ಕುಳಿತು ತೋಳು ಚಾಚಿದ. ಸೂಜಿ ಚುಚ್ಚುವಾಗ ಮುಖ ಆ ಕಡೆ ತಿರುಗಿಸಿದ. ಚಿಕ್ಕವನಿದ್ದಾಗಲೂ ಹಾಗೆಯೇ ತಿರುಗಿಸುತ್ತಿದ್ದ. ಅವನು ಎದ್ದ ಮೇಲೆ ಅವನ ಜೊತೆಯವನೊಬ್ಬ ಕುರ್ಚಿಗೆ ಹೋಗಿ ಕುಳಿತ. ಆಮೇಲೆ ಇನ್ನೊಬ್ಬ. ಸಂಜೆಯವರೆಗೆ ಆ ಮೇಜಿನ ಮುಂದೆ ಸಾಲು ಕರಗಲಿಲ್ಲ. ನಾನು ಒಂದು ಕಲ್ಲಿನ ಮೇಲೆ ಕುಳಿತು, ಬೂಟು ಬಿಚ್ಚಿ, ಡಬ್ಬಿ ತೆರೆದು ಎಲ್ಲರಿಗೂ ರೊಟ್ಟಿ ಹಂಚಿದೆ.

ಅವನ ರಕ್ತದಲ್ಲಿ ಅದು ಇತ್ತು. ಎದೆಯ ಪರೀಕ್ಷೆಯೂ ಆಯಿತು. ಹೃದಯಕ್ಕೆ ಇನ್ನೂ ಏಟು ಬಿದ್ದಿರಲಿಲ್ಲ. ಡಾಕ್ಟರ್ ಬಾಯಿ ಗುಳಿಗೆ ಬರೆದು, ಎಣ್ಣೆ, ಉಪ್ಪು, ಬೀಡಿ ಮೂರಕ್ಕೂ ಗೆರೆ ಎಳೆದರು. ಅವನು ಹೆದರಿದಂತೆ ಕೆಲಸ ಹೋಗಲಿಲ್ಲ. ಕೆಲವು ತಿಂಗಳು ದಂಡೆಯ ಮೇಲೆ ಕೆಲಸ ಮಾಡಿ, ಮತ್ತೆ ಪರೀಕ್ಷೆ ಆದ ಮೇಲೆ ನೀರಿಗೆ ಇಳಿದ. ನಿಮ್ಮಿಬ್ಬರ ರಕ್ತವನ್ನೂ ನೋಡಿದರು. ಚೇತನನಿಗೆ ಇಲ್ಲ, ಪೂರ್ವಿಗೆ ಇದೆ. ಪೂರ್ವಿ, ವರ್ಷಕ್ಕೊಮ್ಮೆ ನಿನ್ನನ್ನು ಯಾಕೆ ಧಾರವಾಡಕ್ಕೆ ಕರೆದುಕೊಂಡು ಹೋಗುತ್ತೇವೆ ಎಂದು ಕೇಳುತ್ತಿದ್ದೆಯಲ್ಲ, ಇದಕ್ಕಾಗಿ. ಇದು ಶಾಪವಲ್ಲ. ಗೊತ್ತಿರುವ ಸಂಗತಿ, ಅಷ್ಟೆ. ಜೋಯಿಡಾದ ಹಳ್ಳಿಗಳಿಗೂ ಮುಂಡಗೋಡಕ್ಕೂ ಡಾಕ್ಟರರ ಗಾಡಿ ಈಗ ಹೋಗುತ್ತದೆ. ನನ್ನ ಪುಸ್ತಕದ ಹಿಂದಿನ ಹಾಳೆಗಳಲ್ಲಿದ್ದ ಮನೆಗಳಲ್ಲಿ ಎಷ್ಟೋ ಗಂಡಸರು ಈಗ ಊಟವಾದ ಮೇಲೆ ಗುಳಿಗೆ ನುಂಗುತ್ತಾರೆ.

ಹೋದ ವರ್ಷ ಮಳೆಗಾಲದಲ್ಲಿ ಒಂದು ಬೆಳಗ್ಗೆ ನಾನು ಪಂಚಾಂಗ ತೆಗೆದು ಎಣಿಸಿದೆ. ಮತ್ತೊಮ್ಮೆ ಎಣಿಸಿದೆ. ಆ ದಿನ ನಿಮ್ಮಪ್ಪ ನಿಮ್ಮ ಅಜ್ಜನಿಗಿಂತ ಒಂದು ದಿನ ದೊಡ್ಡವನಾಗಿದ್ದ. ನಮ್ಮ ಮನೆತನದಲ್ಲಿ ಆ ದಿನವನ್ನು ಕಂಡ ಗಂಡಸು ಅವನೇ ಮೊದಲು. ನಾನು ಯಾರಿಗೂ ಹೇಳಲಿಲ್ಲ. ಮಧ್ಯಾಹ್ನ ಅವನು ತಾಟಿನ ಮುಂದೆ ಕುಳಿತು ಒಂದು ತುತ್ತು ಬಾಯಿಗಿಟ್ಟ.

“ಯವ್ವಾ, ಸಾರಿಗೆ ಉಪ್ಪ ಕಡಿಮಿ ಆಗೇತಿ.”

“ಅಷ್ಟ ಇರತೈತಿ” ಎಂದೆ. “ಉಣ್ಣು.”